ಪದವಿ ಅಲ್ಲಿಯದು, ಪರವಾನಗಿ ಎಲ್ಲಿಯದು?

ಅವರು: ಪಿಯುಸಿ ಮುಗಿಸಿದ ಮಗುವೊಂದು ಮನಶ್ಶಾಸ್ತ್ರ ಓದುತ್ತೇನೆ ಎಂದರೆ ಮನೆಯವರು ಈಗ ಮೊದಲಿನಷ್ಟು ಗಾಬರಿಬೀಳುವುದಿಲ್ಲ. ಎಂಜಿನಿಯರಿಂಗ್ ಸೀಟು ತಪ್ಪಿದವರ ಪಾಲಿನ ವಿಷಯ ಎಂಬ ತಾತ್ಸಾರವೂ ಕಡಿಮೆಯಾಗಿದೆ. ಈಗಿನ ಚರ್ಚೆ ಬೇರೆ. ಓದುವುದೇ ಆದರೆ ಇಂಗ್ಲೆಂಡಿನಲ್ಲೋ ಅಮೆರಿಕದಲ್ಲೋ ಆಸ್ಟ್ರೇಲಿಯಾದಲ್ಲೋ ಏಕೆ ಓದಬಾರದು? ಜರ್ಮನಿಯ ಲೈಪ್‌ಜಿಗ್‌ನಲ್ಲಿ 1879ರಲ್ಲಿ ವಿಲ್ಹೆಲ್ಮ್ ವುಂಟ್ ಪ್ರಯೋಗಾಲಯ ತೆರೆದಾಗ ಈ ಶಾಸ್ತ್ರ ತತ್ತ್ವಶಾಸ್ತ್ರದಿಂದ ಬೇರೆಯಾಯಿತು ಎಂದು ಪಠ್ಯಗಳು ಹೇಳುತ್ತವೆ. ದೊಡ್ಡ ಪ್ರಯೋಗಾಲಯಗಳು, ಪತ್ರಿಕೆಗಳು, ನಮ್ಮ ತರಗತಿಗಳಲ್ಲಿ ಓದಿಸುವ ಪಠ್ಯಪುಸ್ತಕಗಳು ಎಲ್ಲವೂ ಪಶ್ಚಿಮದವು. ಹಾಗಿರುವಾಗ ನೇರವಾಗಿ ಮೂಲಕ್ಕೇ ಹೋಗುವುದು ಜಾಣತನವಲ್ಲವೇ? ದೇಶ ಸುತ್ತು, ಕೋಶ ಓದು ಎಂದವರು ನಮ್ಮ ಹಿರಿಯರೇ. ಹಣದ ಅನುಕೂಲ ಇರುವವರು ಹದಿನೆಂಟನೆಯ ವಯಸ್ಸಿಗೇ ಹೊರಡಲಿ ಎಂಬುದು ನನ್ನ ಮತ.

ಇವರು: ಹೊರದೇಶಕ್ಕೆ ಹೋಗುವುದರ ಬಗ್ಗೆ ನನಗೆ ಜಗಳವಿಲ್ಲ, ಹೊರಡುವ ಹೊತ್ತಿನ ಬಗ್ಗೆ ಇದೆ. ಮನಶ್ಶಾಸ್ತ್ರಕ್ಕೆ ಒಂದು ವಿಚಿತ್ರ ಗುಣವುಂಟು. ಅದನ್ನು ಆರಿಸಿಕೊಳ್ಳುವ ಬಹಳಷ್ಟು ಮಕ್ಕಳ ಕಣ್ಣೆದುರು ಇರುವುದು ನೊಂದವರ ಎದುರು ಕೂತು ಮಾತನಾಡುವ ಚಿಕಿತ್ಸಕರ ಚಿತ್ರ. ಆದರೆ ನಾವು ಮಾತಾಡುತ್ತಿರುವ ಯಾವ ದೇಶದಲ್ಲೂ ಮೂರು ನಾಲ್ಕು ವರ್ಷದ ಮೊದಲ ಪದವಿಯೊಂದೇ ಯಾರನ್ನೂ ಚಿಕಿತ್ಸಕರನ್ನಾಗಿ ಮಾಡುವುದಿಲ್ಲ. ಆ ಅಧಿಕಾರ ಬರುವುದು ಮೇಲಿನ ತರಬೇತಿಯಿಂದ ಮತ್ತು ಆಯಾ ನೆಲದ ಕಾನೂನಿನಿಂದ. ಆದ್ದರಿಂದ ಚಿಕಿತ್ಸೆಯೇ ಗುರಿಯಾದವರು ಯಾವ ಊರಿನಲ್ಲಿ, ಯಾವ ಭಾಷೆಯಲ್ಲಿ ಆ ಕೆಲಸ ಮಾಡುತ್ತೇವೆ ಎಂಬುದನ್ನು ಮೊದಲು ಯೋಚಿಸಿ, ಮೊದಲ ಪದವಿಯನ್ನು ಅಲ್ಲಿಯೇ ಮುಗಿಸಿ, ಹೊರದೇಶವನ್ನು ಎರಡನೆಯ ಮೆಟ್ಟಿಲಿಗೆ ಇಟ್ಟುಕೊಳ್ಳುವುದು ಲೇಸು. ಸಂಶೋಧಕರಾಗಬೇಕೆನ್ನುವವರ ಲೆಕ್ಕ ಬೇರೆ. ಅವರಿಗೆ ಮೊದಲ ಪದವಿಯೇ ಹೊರಗೆ ಸಿಕ್ಕರೆ ಲಾಭವಿದೆ, ಖರ್ಚು ಯಾರು ಭರಿಸುತ್ತಾರೆ ಎಂಬ ಷರತ್ತಿನ ಮೇಲೆ.

ಅವರು: ಕಾನೂನಿನ ಗೋಡೆ ಎಲ್ಲ ವೃತ್ತಿಗೂ ಇದೆಯಲ್ಲ. ರಷ್ಯಾಕ್ಕೋ ಫಿಲಿಪ್ಪೀನ್ಸ್‌ಗೋ ಹೋಗಿ ವೈದ್ಯಕೀಯ ಓದಿದವರು ಹಿಂತಿರುಗಿ ಬಂದು ಅರ್ಹತಾ ಪರೀಕ್ಷೆ ಬರೆಯುತ್ತಾರೆ, ಇಂಟರ್ನ್‌ಶಿಪ್ ಮುಗಿಸುತ್ತಾರೆ, ನೋಂದಣಿ ಮಾಡಿಸಿಕೊಂಡು ಕ್ಲಿನಿಕ್ ತೆರೆಯುತ್ತಾರೆ. ಅಷ್ಟು ಕಠಿಣವಾದ ವೃತ್ತಿಗೇ ದಾರಿ ಇರುವಾಗ ಮನಶ್ಶಾಸ್ತ್ರದ ಪದವೀಧರರಿಗೆ ಇರಲಾರದೇ?

ಇವರು: ವೈದ್ಯಕೀಯದ ಉದಾಹರಣೆಯೇ ವ್ಯತ್ಯಾಸವನ್ನು ತೋರಿಸುತ್ತದೆ. ಎಂಬಿಬಿಎಸ್ ಮೊದಲ ಪದವಿಯೂ ಹೌದು, ವೃತ್ತಿಯ ಪದವಿಯೂ ಹೌದು. ಅದನ್ನು ಹೊರಗೆ ಮುಗಿಸಿ ಬಂದವರ ಮುಂದೆ ಇರುವುದು ಒಂದು ಪರೀಕ್ಷೆಯ ಅಡ್ಡಿ. ಮನಶ್ಶಾಸ್ತ್ರದ ಬಿ.ಎ. ಅಥವಾ ಬಿ.ಎಸ್ಸಿ. ವೃತ್ತಿಪದವಿಯೇ ಅಲ್ಲವಾದ್ದರಿಂದ ಅದಕ್ಕೆ ಬರೆಯಬೇಕಾದ ಪರೀಕ್ಷೆಯೂ ಇಲ್ಲ. ಇಂಗ್ಲೆಂಡಿನ ವ್ಯವಸ್ಥೆಯನ್ನೇ ನೋಡೋಣ. ಮೂರು ವರ್ಷದ ಕೋರ್ಸಿಗೆ ಬ್ರಿಟಿಷ್ ಸೈಕಲಾಜಿಕಲ್ ಸೊಸೈಟಿಯ ಮಾನ್ಯತೆಯಿದ್ದು, ವಿದ್ಯಾರ್ಥಿ ಸಾಕಷ್ಟು ಅಂಕ ಪಡೆದರೆ ‘ಗ್ರಾಜುಯೇಟ್ ಬೇಸಿಸ್’ ಎಂಬ ಅರ್ಹತೆ ಸಿಗುತ್ತದೆ. ಅದರ ಬೆಲೆ ಇಷ್ಟೇ: ಮುಂದಿನ ತರಬೇತಿಗೆ ಅರ್ಜಿ ಹಾಕಬಹುದು. ಕ್ಲಿನಿಕಲ್ ಸೈಕಾಲಜಿಸ್ಟ್ ಎಂಬ ಹೆಸರಿಗೆ 2009ರಿಂದ ಅಲ್ಲಿ ಕಾನೂನಿನ ರಕ್ಷಣೆಯಿದೆ. ಆ ಹೆಸರು ಹಾಕಿಕೊಳ್ಳಲು ಮೂರು ವರ್ಷದ ಡಾಕ್ಟರೇಟ್ ಮಾಡಿ ಆರೋಗ್ಯ ವೃತ್ತಿಗಳ ಮಂಡಳಿಯಲ್ಲಿ ನೋಂದಾಯಿಸಬೇಕು. ಆ ಡಾಕ್ಟರೇಟಿನ ವಿದ್ಯಾರ್ಥಿ ಸರ್ಕಾರಿ ಆರೋಗ್ಯ ಸೇವೆಯ, ಅಂದರೆ ಎನ್‌ಎಚ್‌ಎಸ್‌ನ ಸಂಬಳ ಪಡೆಯುವ ನೌಕರ. ಸಾರ್ವಜನಿಕ ಹಣದ ಈ ಸ್ಥಾನಗಳು ಬಹುಮಟ್ಟಿಗೆ ಅಲ್ಲಿ ನೆಲೆಸಿದವರಿಗೇ ಮೀಸಲು. ಅದಕ್ಕೂ ಮೊದಲು ಸಹಾಯಕ ಸೈಕಾಲಜಿಸ್ಟ್ ಆಗಿ ಒಂದೆರಡು ವರ್ಷ ದುಡಿದಿರಬೇಕೆಂಬುದು ಅಲಿಖಿತ ನಿಯಮ. ಹೊರದೇಶದ ಪದವೀಧರರಿಗೆ ಓದಿನ ನಂತರ ಉಳಿಯಲು ಸಿಗುತ್ತಿದ್ದ ವೀಸಾ ಎರಡು ವರ್ಷದ್ದು; ಅದನ್ನೂ 18 ತಿಂಗಳಿಗೆ ಇಳಿಸುವ ತೀರ್ಮಾನವಾಗಿದೆ. ಇಷ್ಟರೊಳಗೆ ಪೈಪೋಟಿಯ ಸಹಾಯಕ ಹುದ್ದೆ ಹಿಡಿದು, ಅನುಭವ ಗಳಿಸಿ, ತಮಗಾಗಿ ಇಟ್ಟಿರದ ಸ್ಥಾನವೊಂದನ್ನು ಗೆಲ್ಲಬೇಕು. ಗೆದ್ದವರು ಇಲ್ಲವೆನ್ನಲಾರೆ. ಅದನ್ನು ನೆಚ್ಚಿ ಮೂರು ವರ್ಷದ ಶುಲ್ಕ ಕಟ್ಟುವುದು ಮಾತ್ರ ಬಹಳ ಎದೆಗಾರಿಕೆಯ ಲೆಕ್ಕ.

ಅವರು: ಆದರೂ ಆ ‘ಗ್ರಾಜುಯೇಟ್ ಬೇಸಿಸ್’ ಕೈಯಲ್ಲಿದ್ದರೆ ಬಾಗಿಲಾದರೂ ತೆರೆದಿರುತ್ತದೆ. ಬೆಂಗಳೂರಿನಲ್ಲೋ ಧಾರವಾಡದಲ್ಲೋ ಬಿ.ಎ. ಮಾಡಿದವರಿಗೆ ಆ ಬಾಗಿಲು ಮುಚ್ಚಿಯೇ ಹೋಗಿರುತ್ತದಲ್ಲ.

ಇವರು: ಮುಚ್ಚಿರುವುದಿಲ್ಲ, ಹೆಚ್ಚಿನವರು ಗಮನಿಸದ ಸಂಗತಿ ಇದೇ. ಬೇರೆ ದೇಶದಲ್ಲಿ ಮನಶ್ಶಾಸ್ತ್ರ ಓದಿದವರು ಅದೇ ಸೊಸೈಟಿಗೆ ತಮ್ಮ ಅಂಕಪಟ್ಟಿ ಕಳಿಸಿ ಪರಿಶೀಲನೆ ಕೇಳಬಹುದು. ಅದು ಸಾಲದೆಂದರೆ ಒಂದು ವರ್ಷದ ‘ಕನ್ವರ್ಷನ್’ ಎಂ.ಎಸ್ಸಿ. ಇದೆ, ಬೇರೆ ವಿಷಯದಲ್ಲಿ ಪದವಿ ಪಡೆದವರಿಗೂ ಅದು ಆ ಅರ್ಹತೆಯನ್ನು ಕೊಡಿಸುತ್ತದೆ. ಮೂರು ವರ್ಷದ ಹೊರದೇಶದ ಖರ್ಚಿನಿಂದ ತೆರೆಯುವ ಬಾಗಿಲು ಒಂದು ವರ್ಷದ ಖರ್ಚಿನಿಂದಲೂ ತೆರೆಯುತ್ತದೆ ಎಂದಾಯಿತು. ಇಂಗ್ಲೆಂಡಿನ ವಿದ್ಯಾರ್ಥಿಗೆ 2025-26ರಲ್ಲಿ ವಾರ್ಷಿಕ ಶುಲ್ಕದ ಗರಿಷ್ಠ ಮಿತಿ 9,535 ಪೌಂಡ್. ಹೊರದೇಶದವರಿಗೆ ಇಂಥ ಮಿತಿಯೇ ಇಲ್ಲ, ವಿಶ್ವವಿದ್ಯಾಲಯ ಕೇಳಿದಷ್ಟು ಕೊಡಬೇಕು. ಆಸ್ಟ್ರೇಲಿಯಾದಲ್ಲಿ ಮೆಟ್ಟಿಲುಗಳು ಇನ್ನೂ ಸ್ಪಷ್ಟ. ಮಾನ್ಯತೆ ಪಡೆದ ಮೂರು ವರ್ಷ, ಸೀಮಿತ ಸೀಟುಗಳ ನಾಲ್ಕನೆಯ ಆನರ್ಸ್ ವರ್ಷ, ಆ ಮೇಲೆ ಐದು ಆರನೆಯ ವರ್ಷಗಳ ವೃತ್ತಿ ತರಬೇತಿ. ಸೈಕಾಲಜಿಸ್ಟ್ ಎಂಬ ಬರಿಯ ಹೆಸರೇ ಅಲ್ಲಿ ಕಾನೂನಿನ ಕಾವಲಿನಲ್ಲಿದೆ. ಮೂರು ವರ್ಷ ಮುಗಿಸಿ ನಾಲ್ಕನೆಯ ವರ್ಷಕ್ಕೆ ಸೀಟು ಸಿಗದೆ ನಿಂತವರ ಕೈಯಲ್ಲಿರುವುದು ಸಾಮಾನ್ಯ ಪದವಿ.

ಅವರು: ಅಮೆರಿಕದ ಮಾತು ಬೇರೆ ಇರಬಹುದು. ಅಲ್ಲಿ ಮೊದಲ ಪದವಿಯೇ ನಾಲ್ಕು ವರ್ಷ, ವಿಷಯ ಬದಲಿಸುವ ಸ್ವಾತಂತ್ರ್ಯವಿದೆ, ಓದು ಮುಗಿದ ಮೇಲೆ ಕೆಲಸ ಮಾಡಲು ಅವಕಾಶವೂ ಇದೆ.

ಇವರು: ಸ್ವಾತಂತ್ರ್ಯ ನಿಜವಾಗಿಯೂ ಇದೆ, ಅದು ಆ ಪದ್ಧತಿಯ ದೊಡ್ಡ ಗುಣ. ಚಿಕಿತ್ಸೆಯ ದಾರಿ ಮಾತ್ರ ಅಲ್ಲಿಯೂ ಅಷ್ಟೇ ಉದ್ದ. ಅಮೆರಿಕದಲ್ಲಿ ವರ್ಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಮಂದಿ ಮನಶ್ಶಾಸ್ತ್ರದಲ್ಲಿ ಬ್ಯಾಚುಲರ್ ಪದವಿ ಪಡೆಯುತ್ತಾರೆ. ಅವರಲ್ಲಿ ಸೈಕಾಲಜಿಸ್ಟ್ ಆಗುವವರು ಸಣ್ಣ ಪಾಲು. ಪರವಾನಗಿ ಕೊಡುವುದು ಆಯಾ ರಾಜ್ಯದ ಮಂಡಳಿ, ಬಹುತೇಕ ರಾಜ್ಯಗಳು ಕೇಳುವುದು ಪಿಎಚ್.ಡಿ. ಅಥವಾ ಸೈ.ಡಿ., ಮೇಲ್ವಿಚಾರಣೆಯಲ್ಲಿ ದುಡಿದ ಸಾವಿರಾರು ಗಂಟೆಗಳು, ಜತೆಗೆ ಒಂದು ಸಮಾನ ಪರೀಕ್ಷೆ. ಕೌನ್ಸೆಲರ್ ಆಗಲೂ ಮಾಸ್ಟರ್ಸ್ ಬೇಕೇ ಬೇಕು. ಇನ್ನು ಓದಿನ ನಂತರದ ಕೆಲಸದ ಅವಕಾಶ. ವಿದ್ಯಾರ್ಥಿ ವೀಸಾದವರಿಗೆ ಓಪಿಟಿ ಎಂಬ 12 ತಿಂಗಳ ಅನುಮತಿ ಸಿಗುತ್ತದೆ. ವಿಜ್ಞಾನ, ತಂತ್ರಜ್ಞಾನ ವಿಷಯಗಳ ಸರ್ಕಾರಿ ಪಟ್ಟಿಯಲ್ಲಿ ಇರುವವರಿಗೆ ಇನ್ನೂ 24 ತಿಂಗಳು ಸೇರುತ್ತದೆ. ಸಾಮಾನ್ಯ ಮನಶ್ಶಾಸ್ತ್ರದ ಪದವಿ ಆ ಪಟ್ಟಿಯಲ್ಲಿಲ್ಲ. ಕಾಗ್ನಿಟಿವ್ ಸೈಕಾಲಜಿ, ಎಕ್ಸ್‌ಪೆರಿಮೆಂಟಲ್ ಸೈಕಾಲಜಿ, ಸೈಕೋಮೆಟ್ರಿಕ್ಸ್ ಮುಂತಾದವು ಇವೆ. ಪಕ್ಕದ ಎರಡು ವಿಶ್ವವಿದ್ಯಾಲಯಗಳಲ್ಲಿ ಹೆಚ್ಚುಕಡಿಮೆ ಅದೇ ಪಾಠ ಕೇಳಿದ ಇಬ್ಬರಲ್ಲಿ ಒಬ್ಬರಿಗೆ ಒಂದು ವರ್ಷ, ಇನ್ನೊಬ್ಬರಿಗೆ ಮೂರು ವರ್ಷ ಸಿಗಬಹುದು. ಕಾರಣ, ಕೋರ್ಸಿಗೆ ಅಂಟಿಸಿದ ಆರಂಕಿಯ ಸಂಕೇತ. ಶಿಕ್ಷಣ ಮೇಳಗಳ ಬಣ್ಣದ ಕೈಪಿಡಿಗಳಲ್ಲಿ ಆ ಸಂಕೇತವನ್ನು ಹುಡುಕಿದರೆ ಸಿಗುವುದು ಅಪರೂಪ. ವಿದ್ಯಾರ್ಥಿಯನ್ನು ಸೇರಿಸಿದ್ದಕ್ಕೆ ವಿಶ್ವವಿದ್ಯಾಲಯದಿಂದ ಕಮಿಷನ್ ಪಡೆಯುವ ಏಜೆಂಟರಿಗೆ ಅದನ್ನು ವಿವರಿಸುವ ಅವಸರವೂ ಇರುವುದಿಲ್ಲ.

ಅವರು: ಸರಿ, ಅಲ್ಲಿ ಉಳಿಯುವುದು ಕಷ್ಟ ಎಂದಾಯಿತು. ಆದರೆ ಇಲ್ಲಿನ ದಾರಿ ಹೂವು ಹಾಸಿದ್ದೇನಲ್ಲ. ನಮ್ಮಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಆಗಲು ಎಂ.ಫಿಲ್. ಬೇಕೆನ್ನುತ್ತಾರೆ, ಅದೇ ಹೊತ್ತಿಗೆ ಎಂ.ಫಿಲ್. ಎಂಬ ಪದವಿಯನ್ನೇ ಯುಜಿಸಿ ತೆಗೆದುಹಾಕುತ್ತದೆ. ಸೀಟುಗಳೋ ಬೆರಳೆಣಿಕೆಯಷ್ಟು. ಇಷ್ಟು ಗೊಂದಲದ ನೆಲದಲ್ಲಿ ಕಾಲೂರಿ ನಿಲ್ಲಿ ಎಂದು ಮಕ್ಕಳಿಗೆ ಹೇಳುವುದು ನ್ಯಾಯವೇ?

ಇವರು: ಗೊಂದಲ ಇರುವುದನ್ನು ನಾನು ಅಲ್ಲಗಳೆಯುವುದಿಲ್ಲ. ಭಾರತೀಯ ಪುನರ್ವಸತಿ ಪರಿಷತ್ತಿನ 1992ರ ಕಾಯ್ದೆ ಈ ವೃತ್ತಿಯ ನೋಂದಣಿಯನ್ನು ಪರಿಷತ್ತಿನ ಕೈಗೆ ಕೊಟ್ಟಿತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಕ್ಲಿನಿಕಲ್ ಸೈಕಾಲಜಿಸ್ಟ್ ಯಾರು ಎಂಬುದನ್ನು ವಿವರಿಸುವಾಗ ಆ ಪರಿಷತ್ತು ಮನ್ನಿಸಿದ ಅರ್ಹತೆಯನ್ನು, ಇಲ್ಲವೇ ಸ್ನಾತಕೋತ್ತರ ಪದವಿಯ ಮೇಲೆ ಎರಡು ವರ್ಷದ ಪೂರ್ಣಾವಧಿ ಎಂ.ಫಿಲ್. ತರಬೇತಿಯನ್ನು ಹೆಸರಿಸಿತು. ಆ ಮೇಲೆ 2022ರ ನಿಯಮಾವಳಿಯಲ್ಲಿ ಯುಜಿಸಿ ಎಂ.ಫಿಲ್. ನಿಲ್ಲಿಸಿತು, ಮಾನಸಿಕ ಆರೋಗ್ಯಕ್ಕೆ ಜನರೇ ಸಾಲದೆಂಬ ಕಾರಣಕ್ಕೆ ಕ್ಲಿನಿಕಲ್ ಸೈಕಾಲಜಿಗೂ ಮನೋವೈದ್ಯಕೀಯ ಸಮಾಜಕಾರ್ಯಕ್ಕೂ 2025-26ರ ಪ್ರವೇಶದವರೆಗೆ ವಿನಾಯಿತಿ ಕೊಟ್ಟಿತು. ಹೀಗೆ ನಿಯಮ ಅಲುಗಾಡುತ್ತಿರುವಾಗ ಹೊರದೇಶದ ಬಿ.ಎಸ್ಸಿ. ಹೇಗೆ ನೆರವಾಗುತ್ತದೆ ಎಂಬುದೇ ಪ್ರಶ್ನೆ. ಅದನ್ನು ಹಿಡಿದು ಬಂದವರು ಮೊದಲು ಪದವಿಯ ಸಮಾನತೆಯ ಪ್ರಮಾಣಪತ್ರ ಪಡೆಯಬೇಕು, ಆ ಮೇಲೆ ಇಲ್ಲಿಯವರ ಜತೆಗೆ ಅದೇ ಸಾಲಿನಲ್ಲಿ ನಿಂತು ಎಂ.ಎ.ಗೆ, ಆ ನಂತರದ ವೃತ್ತಿ ತರಬೇತಿಗೆ ಪ್ರಯತ್ನಿಸಬೇಕು. ಗೊಂದಲದ ಒಂದು ಎಳೆಯನ್ನೂ ಆ ಪದವಿ ಬಿಡಿಸುವುದಿಲ್ಲ, ಹೆಚ್ಚೆಂದರೆ ಇನ್ನೊಂದು ಗಂಟು ಹಾಕುತ್ತದೆ. ಇಲ್ಲಿದ್ದು ಓದುವವರಿಗಾದರೋ ನಿಯಮ ಬದಲಾದುದು ತಕ್ಷಣ ತಿಳಿಯುತ್ತದೆ, ಗುರುಗಳಿಂದ ದಾರಿ ಕೇಳಬಹುದು, ಬೇಸಿಗೆಯಲ್ಲಿ ಆಸ್ಪತ್ರೆಯೊಂದರಲ್ಲಿ ಸ್ವಯಂಸೇವೆ ಮಾಡಿ ಈ ಕೆಲಸ ತಮಗೆ ಒಗ್ಗುತ್ತದೆಯೇ ಎಂದು ಪರೀಕ್ಷಿಸಿಕೊಳ್ಳಬಹುದು.

ಅವರು: ನೀವು ಇಡೀ ಓದನ್ನು ಪರವಾನಗಿಗೆ ಇಳಿಸಿಬಿಟ್ಟಿರಿ. ಶಿಕ್ಷಣವೆಂದರೆ ನೋಂದಣಿ ಪುಸ್ತಕದ ಸಾಲೇ? ನಮ್ಮ ಅನೇಕ ಕಾಲೇಜುಗಳಲ್ಲಿ ಮನಶ್ಶಾಸ್ತ್ರವು ಮೂರು ವಿಷಯಗಳಲ್ಲಿ ಒಂದು. ನೋಟ್ಸ್ ಬರೆಸುತ್ತಾರೆ, ಹಳೆಯ ಪ್ರಯೋಗಗಳನ್ನು ರೆಕಾರ್ಡ್ ಪುಸ್ತಕಕ್ಕೆ ಇಳಿಸುತ್ತಾರೆ, ಸಂಖ್ಯಾಶಾಸ್ತ್ರ ಎಂದರೆ ಸರಾಸರಿ, ಸಹಸಂಬಂಧಗಳಲ್ಲಿ ಮುಗಿಯುತ್ತದೆ. ಅಲ್ಲಿ ಮೊದಲ ವರ್ಷದಿಂದಲೇ ಸಂಶೋಧನಾ ವಿಧಾನ ಕಲಿಸುತ್ತಾರೆ, ಕೊನೆಯ ವರ್ಷ ಸ್ವಂತ ಪ್ರಬಂಧ ಬರೆಸುತ್ತಾರೆ. ಮನಸ್ಸು ತರಬೇತಿಗೊಳ್ಳುವ ವಯಸ್ಸಿನಲ್ಲಿ ಆ ಶಿಸ್ತು ಸಿಕ್ಕರೆ ಅದಕ್ಕಿಂತ ದೊಡ್ಡ ಲಾಭವೇನು?

ಇವರು: ಇದು ನಿಮ್ಮ ಪಕ್ಷದ ಅತ್ಯಂತ ಗಟ್ಟಿಯಾದ ವಾದ, ಇದನ್ನು ಬಹುಮಟ್ಟಿಗೆ ಒಪ್ಪುತ್ತೇನೆ. ಈ ಶಾಸ್ತ್ರದ ಬೆನ್ನೆಲುಬು ವಿಧಾನವೇ. ಅದಕ್ಕೆ ಇತ್ತೀಚಿನ ದೊಡ್ಡ ಸಾಕ್ಷಿ 2015ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಸಾಮೂಹಿಕ ಅಧ್ಯಯನ. ಹೆಸರಾಂತ ಪತ್ರಿಕೆಗಳ 100 ಅಧ್ಯಯನಗಳನ್ನು ಸಂಶೋಧಕರು ಮತ್ತೆ ನಡೆಸಿದರು. ಮೂಲದಲ್ಲಿ ಶೇ. 97ರಷ್ಟು ಸಂಖ್ಯಾಶಾಸ್ತ್ರೀಯವಾಗಿ ಗಣನೀಯ ಫಲಿತಾಂಶ ಕೊಟ್ಟಿದ್ದರೆ ಮರುಪ್ರಯೋಗದಲ್ಲಿ ಶೇ. 36 ಮಾತ್ರ ಹಾಗೆ ನಿಂತವು. ಪಠ್ಯದ ಸಿದ್ಧಾಂತಗಳನ್ನು ಬಾಯಿಪಾಠ ಮಾಡುವುದರಿಂದ ಏನೂ ಆಗದು, ಸಾಕ್ಷ್ಯವನ್ನು ತೂಗಲು ಕಲಿಯಬೇಕು ಎಂಬುದಕ್ಕೆ ಬೇರೆ ಪುರಾವೆ ಬೇಡ. ಅಲ್ಲಿಯ ಉತ್ತಮ ವಿಭಾಗಗಳು ಇದನ್ನು ಚೆನ್ನಾಗಿ ಕಲಿಸುತ್ತವೆ. ಆದರೆ ಎರಡು ಮಾತು ಸೇರಿಸಬೇಕು. ಒಂದು, ಆ ಶಿಸ್ತು ಈಗ ಗೋಡೆಯೊಳಗಿನ ಗುಟ್ಟಾಗಿ ಉಳಿದಿಲ್ಲ. ಆರ್ ಎಂಬ ಗಣಕ ಭಾಷೆ ಉಚಿತ, ಮೂಲ ದತ್ತಾಂಶಗಳನ್ನೂ ಪೂರ್ವನೋಂದಣಿಗಳನ್ನೂ ಸಂಶೋಧಕರು ಬಹಿರಂಗವಾಗಿ ಇಡುತ್ತಿದ್ದಾರೆ, ಮನಸ್ಸಿದ್ದವರು ತುಮಕೂರಿನಲ್ಲಿ ಕೂತೂ ಅವನ್ನು ಮರುವಿಶ್ಲೇಷಿಸಬಹುದು. ಎರಡು, ಆ ಶಿಸ್ತಿನಿಂದ ನೇರ ಫಲ ಪಡೆಯುವವರು ಮುಂದೆ ಸಂಶೋಧಕರಾಗುವವರು. ಅದಕ್ಕೇ ಅವರ ಲೆಕ್ಕ ಬೇರೆ ಎಂದೆ.

ಅವರು: ಇತಿಹಾಸ ಮಾತ್ರ ನನ್ನ ಕಡೆಗಿದೆ. ಈ ಶಾಸ್ತ್ರ ಜಗತ್ತಿಗೆ ಹರಡಿದ್ದೇ ಪರದೇಶಕ್ಕೆ ಹೋದ ವಿದ್ಯಾರ್ಥಿಗಳಿಂದ. ಅಮೆರಿಕದ ಜೇಮ್ಸ್ ಕ್ಯಾಟೆಲ್ ಲೈಪ್‌ಜಿಗ್‌ಗೆ ಹೋಗಿ ವುಂಟ್ ಬಳಿ ಕಲಿತು ಬಂದ. ಇಂಗ್ಲೆಂಡಿನ ಟಿಚನರ್ ಅಲ್ಲಿಗೇ ಹೋಗಿ, ಆ ಮೇಲೆ ಅಮೆರಿಕದ ಕಾರ್ನೆಲ್‌ನಲ್ಲಿ ನೆಲೆಯೂರಿದ. ಬ್ರಿಟಿಷ್ ಸೇನೆಯ ಅಧಿಕಾರಿಯಾಗಿದ್ದ ಸ್ಪಿಯರ್‌ಮನ್ ಕೆಲಸ ಬಿಟ್ಟು ಅದೇ ಪ್ರಯೋಗಾಲಯ ಸೇರಿದ. ಲಂಡನ್ನಿನಲ್ಲಿ ಆ ಸ್ಪಿಯರ್‌ಮನ್‌ನ ಶಿಷ್ಯರಾಗಿ ಬಂದ ಎಂ. ವಿ. ಗೋಪಾಲಸ್ವಾಮಿ 1924ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರವನ್ನು ಕಟ್ಟಿದರು. ಮುಂದೆ 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ ‘ಆಕಾಶವಾಣಿ’ ಎಂಬ ರೇಡಿಯೋ ಕೇಂದ್ರ ಆರಂಭಿಸಿದವರೂ ಅವರೇ. ಲೈಪ್‌ಜಿಗ್‌ನಿಂದ ಲಂಡನ್, ಲಂಡನ್ನಿಂದ ಮೈಸೂರು. ಹೊರಗೆ ಹೋಗದಿದ್ದರೆ ನಮಗೆ ಈ ಶಾಸ್ತ್ರವೇ ಬರುತ್ತಿರಲಿಲ್ಲ.

ಇವರು: ಆ ಪರಂಪರೆಯನ್ನು ಸರಿಯಾಗಿ ನೋಡಿ. ಕ್ಯಾಟೆಲ್ ತನ್ನ ದೇಶದ ಕಾಲೇಜಿನಲ್ಲಿ ಪದವಿ ಮುಗಿಸಿದ್ದ. ಟಿಚನರ್ ಆಕ್ಸ್‌ಫರ್ಡಿನಲ್ಲಿ ಓದಿ ಮುಗಿಸಿದ್ದ. ಸ್ಪಿಯರ್‌ಮನ್ ವರ್ಷಗಟ್ಟಲೆ ಸೇನೆಯಲ್ಲಿ ಬಾಳಿ, ಮೂವತ್ತು ದಾಟಿದ ಮೇಲೆ ಹೋದ. ಇವರೆಲ್ಲ ಪರದೇಶಕ್ಕೆ ಹೋದದ್ದು ಸಂಶೋಧನೆಗೆ, ಒಬ್ಬ ನಿರ್ದಿಷ್ಟ ಗುರುವನ್ನು ಹುಡುಕಿಕೊಂಡು. ಗೋಪಾಲಸ್ವಾಮಿಯವರು ಲಂಡನ್ನಿಗೆ ಹೋದದ್ದೂ ಸ್ಪಿಯರ್‌ಮನ್ ಬಳಿ ಸಂಶೋಧನೆ ಮಾಡಲು. ನಾನು ಹೇಳುವ ಎರಡನೆಯ ಮೆಟ್ಟಿಲು ಅದೇ. ಆ ಹೊತ್ತಿಗೆ ಹೋಗುವವರಿಗೆ ಏನು ಬೇಕೆಂದು ಗೊತ್ತಿರುತ್ತದೆ, ಯಾರ ಬಳಿ ಕಲಿಯಬೇಕೆಂದು ಗೊತ್ತಿರುತ್ತದೆ, ಕಲಿತದ್ದನ್ನು ಎಲ್ಲಿ ನೆಡಬೇಕೆಂದೂ ಗೊತ್ತಿರುತ್ತದೆ.

ಅವರು: ಇನ್ನೊಂದು ದೃಷ್ಟಿಯಿಂದ ಹೇಳುತ್ತೇನೆ. ಪಶ್ಚಿಮದ ಮನಶ್ಶಾಸ್ತ್ರಕ್ಕೆ ಹೊರಗಿನ ಮಕ್ಕಳ ಅಗತ್ಯವಿದೆ. ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್ನಿನ ಆರು ಪತ್ರಿಕೆಗಳನ್ನು 2003ರಿಂದ 2007ರವರೆಗೆ ಪರಿಶೀಲಿಸಿದ ಜೆಫ್ರಿ ಆರ್ನೆಟ್, ಅಧ್ಯಯನಕ್ಕೆ ಒಳಗಾದವರಲ್ಲಿ ಶೇ. 68 ಅಮೆರಿಕದವರೇ, ಶೇ. 96 ಪಾಶ್ಚಾತ್ಯ ಕೈಗಾರಿಕಾ ದೇಶಗಳವರೇ ಎಂದು 2008ರಲ್ಲಿ ತೋರಿಸಿದರು. 2010ರಲ್ಲಿ ಜೋಸೆಫ್ ಹೆನ್ರಿಕ್ ಮತ್ತು ಸಂಗಡಿಗರು, ಇಂಥ ಜನರ ಮೇಲೆ ಕಂಡದ್ದನ್ನು ಮನುಷ್ಯಕುಲಕ್ಕೆಲ್ಲ ಅನ್ವಯಿಸುವುದು ತಪ್ಪು ಎಂದು ವಾದಿಸಿದರು. ಅಲ್ಲಿನ ಅನೇಕ ವಿಶ್ವವಿದ್ಯಾಲಯಗಳಲ್ಲಿ ಮೊದಲ ವರ್ಷದ ಮನಶ್ಶಾಸ್ತ್ರದ ವಿದ್ಯಾರ್ಥಿಗಳು ಅಂಕಕ್ಕಾಗಿ ಪ್ರಯೋಗಗಳಲ್ಲಿ ಭಾಗವಹಿಸಬೇಕು; ಆ ಶಾಸ್ತ್ರದ ಎಷ್ಟೋ ಸತ್ಯಗಳು ಅಂಥ ವಿದ್ಯಾರ್ಥಿಗಳ ಬಗೆಗಿನ ಸತ್ಯಗಳು. ನಮ್ಮ ಮಗುವೊಂದು ಆ ತರಗತಿಯಲ್ಲಿ ಕೂತು ‘ನಮ್ಮಲ್ಲಿ ಹೀಗಲ್ಲ’ ಎಂದು ಕೈ ಎತ್ತಿದರೆ ಶಾಸ್ತ್ರಕ್ಕೇ ಉಪಕಾರ.

ಇವರು: ಕೈ ಎತ್ತಬೇಕು, ಎತ್ತಿದ ಮೇಲೆ ಹೇಳಲು ಸರಕೂ ಇರಬೇಕು. ಇದಕ್ಕೆ ನಮ್ಮ ಮೈಸೂರೇ ಒಂದು ಉದಾಹರಣೆ. ಮನುಷ್ಯರು ಇತರರ ವರ್ತನೆಗೆ ಸಂದರ್ಭವನ್ನು ಮರೆತು ಸ್ವಭಾವವನ್ನೇ ಕಾರಣ ಮಾಡುತ್ತಾರೆ ಎಂಬ ಒಲವಿಗೆ 1977ರಲ್ಲಿ ಲೀ ರಾಸ್ ಮೂಲಭೂತ ಎಂಬ ವಿಶೇಷಣ ಹಚ್ಚಿದರು. ಜೋನ್ ಮಿಲ್ಲರ್ ಶಿಕಾಗೋದವರನ್ನೂ ಮೈಸೂರಿನವರನ್ನೂ ಹೋಲಿಸಿ 1984ರಲ್ಲಿ ಪ್ರಕಟಿಸಿದ ಅಧ್ಯಯನ ಅದನ್ನು ಪರೀಕ್ಷೆಗೆ ಒಡ್ಡಿತು. ಎಂಟು, ಹನ್ನೊಂದು, ಹದಿನೈದರ ಮಕ್ಕಳಿಂದ ಹಿಡಿದು ವಯಸ್ಕರವರೆಗೆ, ತಮಗೆ ಗೊತ್ತಿರುವವರ ಒಳ್ಳೆಯ, ಕೆಟ್ಟ ನಡತೆಗೆ ಕಾರಣ ಹೇಳಿ ಎಂದು ಕೇಳಿದರು. ಚಿಕ್ಕ ಮಕ್ಕಳಲ್ಲಿ ಎರಡೂ ಊರಿಗೆ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ವಯಸ್ಸಾದಂತೆ ಶಿಕಾಗೋದವರು ಸ್ವಭಾವದ ಕಡೆಗೂ ಮೈಸೂರಿನವರು ಪಾತ್ರ, ಸಂಬಂಧ, ಸಂದರ್ಭಗಳ ಕಡೆಗೂ ವಾಲಿದರು. ಮೈಸೂರಿನ ಒಬ್ಬರು ಹೇಳಿದ ಪ್ರಸಂಗವೊಂದರಲ್ಲಿ, ಮೋಟಾರ್ ಸೈಕಲ್ ಅಪಘಾತವಾದಾಗ ಓಡಿಸುತ್ತಿದ್ದ ವಕೀಲ ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿ ನ್ಯಾಯಾಲಯಕ್ಕೆ ಹೋಗಿಬಿಡುತ್ತಾನೆ, ಗಾಯಾಳು ಸಾಯುತ್ತಾನೆ. ಹೇಳಿದವರು ಕೊಟ್ಟ ಕಾರಣ: ಕಕ್ಷಿದಾರನ ಪರ ನಿಲ್ಲುವುದು ವಕೀಲನ ಕರ್ತವ್ಯ, ಆತ ಗಲಿಬಿಲಿಯಲ್ಲೂ ಇದ್ದಿರಬೇಕು. ಅಮೆರಿಕದ ಓದುಗರು ಇದನ್ನು ಸಲೀಸಾಗಿ ಬೇಜವಾಬ್ದಾರಿ ಎಂದುಬಿಡುತ್ತಾರೆ. ಈ ವ್ಯತ್ಯಾಸ ಸಾಕ್ಷ್ಯವಾಗಿ ನಿಂತದ್ದು ಇಲ್ಲಿಯ ಜನರೊಡನೆ ಇಲ್ಲಿ ಕೂತು ಕ್ರಮವಾಗಿ ಕೇಳಿ ಬರೆದುಕೊಂಡದ್ದರಿಂದ. ಆ ಕೆಲಸವನ್ನು ಮಾಡಿದವರು ಹೊರಗಿನಿಂದ ಬಂದ ಸಂಶೋಧಕಿ ಎಂಬುದು ನಾವು ಯೋಚಿಸಬೇಕಾದ ಮಾತು. ಹದಿನೆಂಟಕ್ಕೆ ಹೊರಟವರ ಬಳಿ ನಮ್ಮ ಸಮಾಜದ ಬಗ್ಗೆ ಇರುವುದು ಅನಿಸಿಕೆ. ಇಲ್ಲಿ ಪದವಿ ಓದಿ, ಹಳ್ಳಿ, ವಾರ್ಡು, ಶಾಲೆಗಳಲ್ಲಿ ಒಂದಿಷ್ಟು ಕೆಲಸ ಮಾಡಿ ಹೋದವರ ಬಳಿ ಇರುವುದು ಪ್ರಶ್ನೆ.

ಅವರು: ಭಾಷೆಯ ಮಾತನ್ನೂ ನೀವು ಆರಂಭದಲ್ಲೇ ಎತ್ತಿದಿರಿ. ಬೆಂಗಳೂರಿನ ಅನೇಕ ಕೌನ್ಸೆಲರುಗಳು ಇಂಗ್ಲಿಷಿನಲ್ಲೇ ಕೆಲಸ ಮಾಡುತ್ತಾರೆ. ಅವರಿಗೆ ಲಂಡನ್ನಿನ ಓದು ಹೆಚ್ಚೇ ಅನುಕೂಲವಲ್ಲವೇ?

ಇವರು: ಇಂಗ್ಲಿಷಿನಲ್ಲಿ ಮಾತಾಡಬಲ್ಲ, ಗಂಟೆಯ ಶುಲ್ಕ ಕೊಡಬಲ್ಲ ಸಣ್ಣ ವರ್ಗಕ್ಕೆ ಆ ಮಾತು ಒಪ್ಪುತ್ತದೆ. ಆದರೆ ನಿಮ್ಹಾನ್ಸ್ ಮುಂದಾಳತ್ವದ 2015-16ರ ರಾಷ್ಟ್ರೀಯ ಸಮೀಕ್ಷೆ ಹೇಳಿದ ಪ್ರಕಾರ ನಮ್ಮ ವಯಸ್ಕರಲ್ಲಿ ಶೇ. 10.6 ಮಂದಿಗೆ ಆ ಹೊತ್ತಿನಲ್ಲಿ ಯಾವುದೋ ಮಾನಸಿಕ ಕಾಯಿಲೆ ಇತ್ತು. ಕಾಯಿಲೆಯ ಬಗೆಗೆ ತಕ್ಕಂತೆ ಚಿಕಿತ್ಸೆ ಸಿಗದವರ ಪಾಲು ಶೇ. 70ರಿಂದ 92. ಆ ಪಾಲಿನ ಬಹುಪಾಲು ಜನ ತಮ್ಮ ಸಂಕಟವನ್ನು ಹೇಳಿಕೊಳ್ಳುವುದು ಕನ್ನಡದಲ್ಲಿ, ತುಳುವಿನಲ್ಲಿ, ಉರ್ದುವಿನಲ್ಲಿ, ಲಂಬಾಣಿಯಲ್ಲಿ. ಅವರ ದುಃಖ ಅನೇಕ ವೇಳೆ ತಲೆಭಾರ, ಎದೆಯುರಿ, ಕೈಕಾಲು ಸೆಳೆತಗಳ ರೂಪದಲ್ಲಿ ಬರುತ್ತದೆ. ಅಮೆರಿಕದ ಮನೋವೈದ್ಯರ ರೋಗನಿದಾನ ಕೈಪಿಡಿಯೇ 2013ರ ಐದನೆಯ ಆವೃತ್ತಿಯಲ್ಲಿ, ರೋಗಿ ತನ್ನ ಸಮಸ್ಯೆಯನ್ನು ತನ್ನ ಸಮುದಾಯದ ಕಣ್ಣಿನಲ್ಲಿ ಹೇಗೆ ನೋಡುತ್ತಾನೆಂದು ತಿಳಿಯಲು 16 ಪ್ರಶ್ನೆಗಳ ಸಂದರ್ಶನವೊಂದನ್ನು ಸೇರಿಸಿತು. ಆ ಪ್ರಶ್ನೆಗಳಿಗೆ ಬರುವ ಉತ್ತರವನ್ನು ಅರಿಯಲು ರೋಗಿಯ ಸಮುದಾಯದ ಮಾತು, ಮನೆತನ, ನಂಬಿಕೆ ಗೊತ್ತಿರಬೇಕು. ಪರೀಕ್ಷೆಗಳದ್ದೂ ಅದೇ ಕಥೆ. ಫ್ರಾನ್ಸಿನ ಬಿನೆ ರೂಪಿಸಿದ, ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಪರಿಷ್ಕರಿಸಿದ ಬುದ್ಧಿಮಾಪನವನ್ನು ವಿ. ವಿ. ಕಾಮತರು ಕನ್ನಡ, ಮರಾಠಿ ಮಕ್ಕಳಿಗೆ ಹೊಂದಿಸಿದ್ದು 1930ರ ದಶಕದಲ್ಲಿ. ಅನುವಾದವೊಂದೇ ಸಾಕಾಗಿದ್ದರೆ ಅದು ಕೆಲವು ವಾರಗಳ ಕೆಲಸವಾಗುತ್ತಿತ್ತು. ಈ ನೆಲದ ಮಕ್ಕಳ ಮೇಲೆ ಪ್ರಯೋಗಿಸಿ, ಯಾವ ವಯಸ್ಸಿಗೆ ಯಾವ ಪ್ರಶ್ನೆ ತಕ್ಕದ್ದೆಂದು ಮತ್ತೆ ಅಳೆಯಬೇಕಾಯಿತು. ಬಿನೆ-ಕಾಮತ್ ಪರೀಕ್ಷೆ ಇಂದಿಗೂ ಬಳಕೆಯಲ್ಲಿದೆ, ಅದರ ಅಳತೆಗೋಲು ಹಳತಾಗಿದೆ ಎಂಬ ದೂರೂ ಇದೆ. ಹೊಸದನ್ನು ಕಟ್ಟುವವರು ಬೇಕು.

ಅವರು: ಬಳ್ಳಾರಿ ಜಿಲ್ಲೆಯ ಪ್ರಯೋಗವೂ ಇದನ್ನೇ ಹೇಳುತ್ತದೆ ಎನ್ನಬಹುದು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಕೊಟ್ಟು ಮಾನಸಿಕ ಚಿಕಿತ್ಸೆಯನ್ನು ಹಳ್ಳಿಗೆ ಒಯ್ದ ಆ ಮಾದರಿ 1996ರಲ್ಲಿ ರಾಷ್ಟ್ರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ತಳಹದಿಯಾಯಿತು. ಅದನ್ನು ಯಾವ ವಿದೇಶಿ ಪಠ್ಯವೂ ಕಲಿಸಲಿಲ್ಲ. ಒಪ್ಪಿದೆ. ಹಾಗಿದ್ದರೂ ಸಂಶೋಧನೆಯ ಆಸೆಯಿರುವ ಮಗುವಿಗೆ ನೀವು ಏನು ಹೇಳುತ್ತೀರಿ? ಅವರ ಲೆಕ್ಕ ಬೇರೆ ಎಂದು ಎರಡು ಸಲ ಹೇಳಿ ಮುಂದೆ ಸಾಗಿದಿರಿ.

ಇವರು: ಈಗ ಹೇಳುತ್ತೇನೆ. ನೆನಪು, ಗ್ರಹಿಕೆ, ಭಾಷೆ, ಮೆದುಳು, ನಿರ್ಧಾರ ಇವುಗಳ ಮೇಲೆ ಪ್ರಯೋಗ ಮಾಡಬೇಕೆನ್ನುವವರಿಗೆ ಪರವಾನಗಿಯ ಗೋಡೆ ಅಡ್ಡ ಬರುವುದಿಲ್ಲ. ಅಮೆರಿಕದ ಪಿಎಚ್.ಡಿ. ಪ್ರವೇಶ ಸಮಿತಿ ನೋಡುವುದು ಪ್ರಯೋಗಾಲಯದ ಅನುಭವ, ಜತೆಯಲ್ಲಿ ದುಡಿದ ಪ್ರಾಧ್ಯಾಪಕರ ಶಿಫಾರಸು, ಸಂಖ್ಯಾಶಾಸ್ತ್ರದ ಪಟ್ಟು. ಅಲ್ಲಿಯೇ ಮೊದಲ ಪದವಿ ಓದಿದವರಿಗೆ ಇವು ಸುಲಭವಾಗಿ ದಕ್ಕುತ್ತವೆ. ಒಂದು ತಡೆ ಇದೆ: ಅಲ್ಲಿನ ಕೇಂದ್ರ ಸರ್ಕಾರದ ಹಲವು ಸಂಶೋಧನಾ ವೇತನಗಳು ಪೌರರಿಗೂ ಕಾಯಂ ನಿವಾಸಿಗಳಿಗೂ ಮಾತ್ರ. ಆದರೆ ವಿಶ್ವವಿದ್ಯಾಲಯಗಳೇ ಕೊಡುವ ಸಹಾಯಕ ವೇತನ ಹೊರದೇಶದವರಿಗೂ ಸಿಗುತ್ತದೆ. ಇಲ್ಲಿ ಹಣದ ಲೆಕ್ಕ ಸ್ಪಷ್ಟವಾಗುತ್ತದೆ. ಮೊದಲ ಪದವಿಗೆ ಹಣ ಕೊಡುವವರು ತಂದೆತಾಯಿ, ಸಂಶೋಧನಾ ಪಿಎಚ್.ಡಿ.ಗೆ ಬಹುಮಟ್ಟಿಗೆ ವಿಶ್ವವಿದ್ಯಾಲಯವೇ ವಿದ್ಯಾರ್ಥಿಗೆ ಕೊಡುತ್ತದೆ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಆಮ್‌ಹರ್ಸ್ಟ್‌ನಂಥ ಕೆಲವೇ ಸಂಸ್ಥೆಗಳು ಹೊರದೇಶದವರಿಗೂ ಮನೆಯ ಆದಾಯ ನೋಡದೆ ಪ್ರವೇಶ ಕೊಟ್ಟು, ಅಗತ್ಯವಿರುವಷ್ಟು ನೆರವು ನೀಡುತ್ತವೆ. ಅಂಥಲ್ಲಿ ಸೀಟು ಸಿಕ್ಕವರು ಹಿಂದೆ ಮುಂದೆ ನೋಡದೆ ಹೋಗಲಿ. ಜಮೀನು ಅಡವಿಟ್ಟು, ದೊಡ್ಡ ಸಾಲ ಹೊತ್ತು ಸಾಧಾರಣ ವಿಭಾಗವೊಂದಕ್ಕೆ ಹೋಗುವುದಕ್ಕಿಂತ ಆ ಹಣದ ಒಂದು ಭಾಗವನ್ನು ಮಾಸ್ಟರ್ಸ್‌ಗೆ ಉಳಿಸಿಕೊಳ್ಳುವುದು ಸಂಶೋಧಕರಿಗೂ ಮೇಲು.

ಅವರು: ಮೂರು ವರ್ಷದ ಪದವಿಯನ್ನು ಅಮೆರಿಕದವರು ಒಪ್ಪುವುದಿಲ್ಲ ಎಂಬ ಭಯವೂ ಇದೆಯಲ್ಲ? ನಾಲ್ಕು ವರ್ಷದ ಆನರ್ಸ್ ಶುರುವಾಗಿತ್ತು, ಕರ್ನಾಟಕ 2024-25ರಿಂದ ಮತ್ತೆ ಮೂರು ವರ್ಷಕ್ಕೆ ಮರಳಿತು.

ಇವರು: ಆ ತೊಡಕು ನಿಜ. ಕೆಲವು ವಿಶ್ವವಿದ್ಯಾಲಯಗಳು ಮೂರು ವರ್ಷವನ್ನು ಒಪ್ಪುತ್ತವೆ, ಕೆಲವು ಹದಿನಾರು ವರ್ಷದ ಓದು ಕೇಳುತ್ತವೆ. ಇಲ್ಲಿ ಎಂ.ಎ. ಅಥವಾ ಎಂ.ಎಸ್ಸಿ. ಮುಗಿಸಿದರೆ ಆ ಕೊರತೆ ತುಂಬುತ್ತದೆ, ಚಿಕಿತ್ಸೆಯ ದಾರಿಗೆ ಹೇಗೂ ಅದು ಬೇಕೇ ಬೇಕು. ನನ್ನ ವಾದಕ್ಕೆ ಇನ್ನೊಂದು ವಿನಾಯಿತಿಯನ್ನೂ ಕೊಡುತ್ತೇನೆ. ಕುಟುಂಬವೇ ಹೊರಗೆ ನೆಲೆಸಿದ್ದು, ಅಲ್ಲಿನ ಕಾಯಂ ವಾಸದ ಹಕ್ಕು ಇರುವ ಕನ್ನಡದ ಮಕ್ಕಳಿಗೆ ಅದೇ ತಮ್ಮ ನೆಲ, ಅಲ್ಲಿಯೇ ಓದಿ ಅಲ್ಲಿಯೇ ಪರವಾನಗಿ ಪಡೆಯಲಿ. ಮಾನವ ಸಂಪನ್ಮೂಲ, ಜಾಹೀರಾತು, ವಿನ್ಯಾಸಗಳಲ್ಲಿ ಕೆಲಸ ಹುಡುಕುವವರಿಗೂ ಪರವಾನಗಿಯ ಚಿಂತೆಯಿಲ್ಲ, ಸಾಮಾನ್ಯ ಪದವಿಯಾಗಿ ಮನಶ್ಶಾಸ್ತ್ರ ಒಳ್ಳೆಯ ಪದವಿಯೇ. ನಾನು ಆಕ್ಷೇಪಿಸುವುದು ಚಿಕಿತ್ಸಕರಾಗುವ ಕನಸನ್ನು ತೋರಿಸಿ ಸಾಮಾನ್ಯ ಪದವಿಯನ್ನು ಮಾರುವುದನ್ನು.

ಅವರು: ಹಾಗಾದರೆ ಅರ್ಜಿ ತುಂಬಲು ಕೂತಿರುವ ಮನೆಗಳಿಗೆ ಒಂದೇ ಮಾತಿನಲ್ಲಿ ಏನು ಹೇಳುತ್ತೀರಿ?

ಇವರು: ವಿಶ್ವವಿದ್ಯಾಲಯದ ಜಾಲತಾಣಕ್ಕಿಂತ ಮೊದಲು ನೋಂದಣಿ ಮಂಡಳಿಯ ನಿಯಮ ಓದಿ. ಯಾವ ದೇಶದಲ್ಲಿ ಕೆಲಸ ಮಾಡಬೇಕೆಂದಿದ್ದೀರೋ ಆ ದೇಶದ ಮಂಡಳಿ ಯಾವ ಅರ್ಹತೆ ಕೇಳುತ್ತದೆ, ಆ ತರಬೇತಿಯ ಸ್ಥಾನಗಳು ಹೊರದೇಶದವರಿಗೆ ತೆರೆದಿವೆಯೇ, ಓದಿನ ನಂತರದ ವೀಸಾ ಅಷ್ಟು ದಿನ ಸಾಲುತ್ತದೆಯೇ, ಹಿಂತಿರುಗಿದರೆ ಇಲ್ಲಿ ಆ ಪದವಿಯಿಂದ ಯಾವ ಮೆಟ್ಟಿಲು ಹತ್ತಬಹುದು ಎಂಬ ನಾಲ್ಕು ಪ್ರಶ್ನೆಗಳಿಗೆ ಲಿಖಿತ ಉತ್ತರ ಪಡೆಯಿರಿ. ನಾಲ್ಕಕ್ಕೂ ಸಮಾಧಾನದ ಉತ್ತರ ಸಿಕ್ಕರೆ ಮಗುವನ್ನು ಧೈರ್ಯವಾಗಿ ಕಳಿಸಿ. ಸಿಗದಿದ್ದರೆ ಇಲ್ಲಿಯ ಒಳ್ಳೆಯ ಕಾಲೇಜೊಂದಕ್ಕೆ ಸೇರಿಸಿ, ಸಂಖ್ಯಾಶಾಸ್ತ್ರವನ್ನೂ ಕನ್ನಡವನ್ನೂ ಗಟ್ಟಿಯಾಗಿ ಕಲಿಯಲು ಹೇಳಿ, ಹೊರದೇಶದ ಹಣವನ್ನು ಎರಡನೆಯ ಪದವಿಗೆ ಎತ್ತಿಡಿ.